ಗಂಜಿ ಬಡಿಸಿದ ದಂಡನಾಯಕ

ಉತ್ತರದ ಹೆದ್ದಾರಿಯನ್ನು ಕಾಯುವ ಬೆಟ್ಟದ ಕೋಟೆಗೆ ನಾಮ್‌ಗುಂಗ್ ಗ್ಯೊಮ್ ದಂಡನಾಯಕ. ಮೂರು ತಲೆಮಾರಿನಿಂದ ಅವನ ಮನೆತನದ ಗಂಡಸರೆಲ್ಲ ಜೋಸೊನ್ ನಾಡಿನ ದೊರೆಗಳಿಗಾಗಿ ಕತ್ತಿ ಹಿಡಿದವರೇ. ಆ ಚಳಿಗಾಲ ಗಡಿಯ ಯಾಲು ನದಿ ಹೆಪ್ಪುಗಟ್ಟಿದ್ದೇ ತಡ, ಮಂಚು ಸವಾರರು ದಾಟಿ ಬಂದರು. ಕೋಟೆಯತ್ತ ಕಣ್ಣೆತ್ತಿಯೂ ನೋಡದೆ, ಅದರ ಬುಡದಲ್ಲೇ ಹಾದು ರಾಜಧಾನಿಯ ಕಡೆ ಧಾವಿಸಿದರು. ಎರಡು ದಿನ ಗೊರಸಿನ ಸದ್ದು ನಿಲ್ಲಲಿಲ್ಲ.

"ಒಡೆಯಾ, ಅಪ್ಪಣೆ ಕೊಡಿ, ಹಿಂದಿನಿಂದ ಮೇಲೆ ಬೀಳ್ತೀವಿ," ಎಂದು ಉಪನಾಯಕ ಪ್ಯೊ ಅಂಗಲಾಚಿದ.

"ಕೋಟೆ ಬಿಟ್ಟು ಕದಲಬೇಡ ಅಂತ ದೊರೆಗಳ ಮೊಹರು ಬಿದ್ದ ಕಾಗದ ಇದೆಯಲ್ಲಯ್ಯಾ. ನನ್ನ ಕೈಲೇನಿದೆ?"

ಐವತ್ತು ದಿನ ಕಳೆಯುವಷ್ಟರಲ್ಲಿ ದೊರೆಯೇ ಶರಣಾಗಿದ್ದ. ಇನ್ನೊಂದು ಕಾಗದ ಬಂತು: ಹಿಂದಿರುಗುವ ಮಂಚುಗಳ ಮೇಲೆ ಒಂದು ಬಾಣವೂ ಬೀಳಕೂಡದು. ಅದರ ಬೆನ್ನಿಗೇ ಅವರು ಬಂದರು, ಸೆರೆಯಾಳುಗಳ ಉದ್ದನೆಯ ಸಾಲನ್ನು ದನಗಳಂತೆ ಹೊಡೆದುಕೊಂಡು.

ನಾಮ್‌ಗುಂಗ್‌ಗೆ ತಡೆಯಲಾಗಲಿಲ್ಲ. ನಾಲ್ಕು ಕೊಪ್ಪರಿಗೆ ನವಣೆ ಗಂಜಿ ಕಾಯಿಸಿ, ಆಯುಧವಿಲ್ಲದೆ ಕೆಳಗಿಳಿದ. ಸೆರೆಯಾಳುಗಳಿಗೆ ಬಡಿಸಲು ಮಂಚು ಸರದಾರ ನಕ್ಕು ಒಪ್ಪಿದ. ದಂಡನಾಯಕ ತಾನೇ ಸೌಟು ಹಿಡಿದ. ಬಟ್ಟಲು ಚಾಚಿದ ಒಂದು ಕೈ, ಗಂಜಿ ಬಿದ್ದ ಮೇಲೂ ಹಿಂದೆ ಸರಿಯಲಿಲ್ಲ. ನೋಡಿದರೆ, ರಾಜಧಾನಿಗೆ ಮದುವೆ ಮಾಡಿಕೊಟ್ಟಿದ್ದ ತಂಗಿ ಯೊನ್‌ಹ್ವಾ. ಕಾಲಿಗೆ ಚಿಂದಿ ಸುತ್ತಿಕೊಂಡಿದ್ದಳು.

"ಅಣ್ಣಾ, ಈ ಬೆಟ್ಟ ಇಳಿಯೋಕೆ ನಿಂಗೆ ಇಷ್ಟು ದಿನ ಬೇಕಾಯ್ತಾ?"

ಅವನು ಸೌಟು ಕೆಳಗಿಟ್ಟ. ಸರದಾರನ ಬಳಿ ಓಡಿ, ದುಭಾಷಿಯ ಮೂಲಕ ಬೇಡಿಕೊಂಡ: "ಅವಳನ್ನ ಬಿಟ್ಟುಬಿಡಿ. ಅವಳ ಬದಲು ನಾನು ಬರ್ತೀನಿ."

ಸರದಾರ ಅವನ ನರೆತ ಗಡ್ಡವನ್ನೊಮ್ಮೆ ನೋಡಿದ. "ಹೋಗೋ ಮುದುಕಾ! ನಿನ್ನ ಕಟ್ಟಿಕೊಂಡು ಏನು ಮಾಡ್ಲಿ? ನೇಗಿಲು ಎಳೀತೀಯಾ, ನೂಲು ತೆಗೀತೀಯಾ?"

ಮೇಲೆ ಗೋಡೆಯುದ್ದಕ್ಕೂ ಬಿಲ್ಲುಗಳು ಬಾಗಿದ್ದವು. ಒಡೆಯ ಕೈ ಎತ್ತುವುದನ್ನೇ ಪ್ಯೊ ಕಾಯುತ್ತಿದ್ದ. ಆದರೆ ಸಾಲಿನುದ್ದಕ್ಕೂ ಸೆರೆಯಾಳುಗಳ ಕುತ್ತಿಗೆಗೆ ಒಂದೇ ಗೇಣಿನ ದೂರದಲ್ಲಿ ಕತ್ತಿಗಳಿದ್ದವು. ನಾಮ್‌ಗುಂಗ್ ಕೈ ಎತ್ತಲಿಲ್ಲ.

"ಹೋಗ್ಲಿ ಬಿಡಣ್ಣ," ಎಂದಳು ತಂಗಿ. "ನನ್ನ ಹಿಂದಿರೋ ಅಜ್ಜಿಗೆ ಹಲ್ಲಿಲ್ಲ. ತೆಳ್ಳಗಿರೋದನ್ನ ನೋಡಿ ಹಾಕು."

ಅವನು ನೋಡಿ ಹಾಕಿದ. ಸಾಲು ಹೊರಟಿತು. ಯೊನ್‌ಹ್ವಾ ಮತ್ತೆ ಮರಳಲಿಲ್ಲ.

ವಸಂತದಲ್ಲಿ, ಕೋಟೆಯನ್ನು ಒಂದು ದಿನವೂ ಕೈಬಿಡದಿದ್ದಕ್ಕೆ ಅವನಿಗೆ ಬಡ್ತಿಯ ಕಾಗದ ಬಂತು. ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ತೆಗೆದುಕೊಂಡ. ಬೇಡವೆನ್ನುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.