ಕಂಡದ್ದು, ಕೇಳಿದ್ದು, ಅನುಮಾನ ಬಂದದ್ದು

ಮಕ್ಕಳಿಗೆ ಒಳ್ಳೆಯ ಮಾತು ಕಲಿಸಲು ಹೋಗಿ ನಿಲ್ಮಿಣಿ ಟೀಚರ್ ಕೈಯಾರೆ ಇಂಥ ಪೇಚು ತಂದುಕೊಳ್ಳುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಮಳೆಗಾಲದ ವಸ್ ವ್ರತ ಮುಗಿದ ದಿನ ಭಿಕ್ಷುಗಳು ಒಬ್ಬರೆದುರು ಒಬ್ಬರು ಮಂಡಿಯೂರಿ, 'ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೂ ಸರಿ, ಕರುಣೆಯಿಟ್ಟು ಹೇಳಿ' ಎಂದು ಬೇಡಿಕೊಳ್ಳುವುದು ಬುದ್ಧನ ಕಾಲದಿಂದ ಬಂದ ಪದ್ಧತಿ. ಅದನ್ನೇ ವಿಹಾರದ ಭಾನುವಾರದ ಧರ್ಮಶಾಲೆಯಲ್ಲಿ ಮಕ್ಕಳಿಂದ ಮಾಡಿಸಿದರೆ ಹೇಗೆ ಎಂದು ಅವಳಿಗೆ ಹೊಳೆಯಿತು. ಹೇಳುವವರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು: ಇದು ಹೇಳುವ ಹೊತ್ತೇ? ನಿಜವೇ? ಮೃದುವಾಗಿದೆಯೇ? ಉಪಯೋಗವುಂಟೇ? ಪ್ರೀತಿಯಿಂದ ಹೇಳುತ್ತಿದ್ದೇನೆಯೇ?

ಬೋಧಿವೃಕ್ಷದ ಸುತ್ತಲಿನ ಮರಳಿನ ಮೇಲೆ ಕೂತ ಬಿಳಿ ಬಟ್ಟೆಯ ಮಕ್ಕಳು ಆಗಲೇ ಕಿಸಕ್ಕನೆ ನಗುತ್ತಿದ್ದರು.

"ನನ್ನ ಕೊಕಿಸ್ ಕದ್ದು ತಿಂದೋನು ನೀನೇ. ಪ್ರೀತಿಯಿಂದಾನೇ ಹೇಳ್ತಿದೀನಿ ಕಣೋ ಕಳ್ಳ," ಎಂದ ಒಬ್ಬ.

ಅಷ್ಟರಲ್ಲಿ ವಿಹಾರದ ಹಿರಿಯ ಭಿಕ್ಷು ಲೊಕು ಹಾಮುದುರು ಬಂದುಬಿಟ್ಟರು. ಎಲ್ಲರೂ ದಡಬಡನೆ ಎದ್ದು ನೆಲ ಮುಟ್ಟಿ ನಮಸ್ಕರಿಸಿದರು. ಅವರು ಕುರ್ಚಿ ಎಳೆದು ಕೂತು ವಿಷಯ ಕೇಳಿ ಖುಷಿಪಟ್ಟರು.

"ಹಿರಿಯರಿಂದಲೇ ಶುರುವಾಗ್ಬೇಕಲ್ವಾ ಟೀಚರ್? ಮೊದಲು ನಾನು, ಆಮೇಲೆ ನೀವು, ಆಮೇಲೆ ಈ ಮಂಗಗಳು. ಹೇಳ್ರಪ್ಪಾ, ನನ್ನಲ್ಲೇನು ತಪ್ಪು ಕಂಡ್ರಿ?"

ಭಿಕ್ಷು ಗೃಹಸ್ಥರ ಮಕ್ಕಳೆದುರು ಹೀಗೆ ಕೇಳುವ ರೂಢಿಯೇ ಇಲ್ಲ. ಆದರೆ ಅವರಿಗೆ ಅದನ್ನು ಹೇಳುವವರು ಯಾರು?

ನಿಲ್ಮಿಣಿಗೆ ಕೂಡಲೇ ಧರ್ಮಶಾಲೆಯ ಹುಡುಗಿ ಇಮಾಷಾಳ ನೆನಪಾಯಿತು. ಬುದ್ಧ ಹುಣ್ಣಿಮೆಯ ವೆಸಾಕ್ ಹಬ್ಬದ ಬೆಳಗ್ಗೆ ಮೈಕಿನ ಮುಂದೆ 'ಬುದ್ಧಂ ಶರಣಂ' ಹೇಳಿಸುವ ಸರದಿ ಅವಳದಾಗಿತ್ತು. ಅವಳಿಗೆ ಉಗ್ಗು. 'ಬು... ಬು...' ಎಂದು ಒದ್ದಾಡುತ್ತಿದ್ದಾಗ ಲೊಕು ಹಾಮುದುರು ಮೈಕು ಕಿತ್ತುಕೊಂಡು, "ಇವಳು ಬುದ್ಧಂ ಅನ್ನೋಷ್ಟರಲ್ಲಿ ಮುಂದಿನ ಬುದ್ಧರೇ ಹುಟ್ಟಿ ಬರ್ತಾರೆ" ಎಂದಿದ್ದರು. ಅಡಿಗೆಮನೆಯಲ್ಲಿದ್ದವರೂ ಗದ್ದೆಯಲ್ಲಿದ್ದವರೂ ಕೇಳಿ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಇಮಾಷಾ ಧರ್ಮಶಾಲೆಗೂ ಬಂದಿಲ್ಲ, ಮನೆಯಲ್ಲೂ ಬಾಯಿ ಬಿಟ್ಟಿಲ್ಲ. ಇಮಾಷಾಳ ಜೀವದ ಗೆಳತಿ ಎಂದರೆ ನಿಲ್ಮಿಣಿಯ ಮಗಳು ಸೆನುಲಿ. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು.

ನಿಲ್ಮಿಣಿಯ ಮನೆ ನಿಂತಿರುವುದು ವಿಹಾರದ ಜಾಗದಲ್ಲಿ. ಹೋದ ವರ್ಷ ಅದೇ ಜಾಗದಲ್ಲಿದ್ದ ನೆರೆಯ ಜಿನದಾಸ ಲೊಕು ಹಾಮುದುರಿಗೆ ಎದುರು ಮಾತಾಡಿದ. ಈಗ ಅವನ ಮನೆಯಿದ್ದಲ್ಲಿ ಬಾಳೆಗಿಡ ನೆಟ್ಟಿದ್ದಾರೆ. ಬೇಡ ಕಂದಾ, ಏಳಬೇಡ ಎಂದು ನಿಲ್ಮಿಣಿ ಮನಸ್ಸಿನಲ್ಲೇ ಗೋಗರೆದಳು.

ಸೆನುಲಿ ಎದ್ದು ನಿಂತಳು.

"ಟೀಚರ್, ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ತು. ಮೊದಲನೇದು ಗೊತ್ತಾಗ್ತಿಲ್ಲ. ಇದು ಹೇಳೋ ಹೊತ್ತಾ?"

ನಿಲ್ಮಿಣಿ ತಟ್ಟನೆ ಹೇಳಿದಳು: "ಅಲ್ಲ. ಕೂತ್ಕೋ."

ಸೆನುಲಿ ಕೂತಳು. ಲೊಕು ಹಾಮುದುರು ಹುಬ್ಬೇರಿಸಿದರು. "ಏನಂತೆ ಟೀಚರ್ ಅವಳದ್ದು?"

"ಏನೂ ಇಲ್ಲ ಹಾಮುದುರುವನೇ. ಮಕ್ಕಳಾಟ."

"ಹಾಗಾದ್ರೆ ನಾನು ಪಾಸು," ಎಂದು ಅವರು ನಕ್ಕರು. "ಈಗ ನಿಮ್ಮ ಸರದಿ. ಕೂತ್ಕೊಳ್ಳಿ, ಕೇಳಿ."

ಬದುಕಿಕೊಂಡೆ ಎಂದುಕೊಂಡು ನಿಲ್ಮಿಣಿ ಮರಳಿನ ಮೇಲೆ ಮಂಡಿಯೂರಿದಳು. ಕೈಮುಗಿದು, ತಾನೇ ಬಾಯಿಪಾಠ ಮಾಡಿಸಿದ್ದ ಮಾತನ್ನು ತಡವರಿಸುತ್ತ ಹೇಳಿದಳು. ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೂ ಸರಿ.

ಸೆನುಲಿ ಮತ್ತೆ ಎದ್ದಳು. ಈ ಸಲ ಹೊತ್ತಿನ ಬಗ್ಗೆ ಕೇಳಲಿಲ್ಲ.

"ಕೇಳಿದ್ದು, ಟೀಚರ್. ಈಗ ತಾನೇ ಏನೂ ಇಲ್ಲ ಅಂದ್ರಿ. ಅದು ನಿಜ ಅಲ್ಲ." ಅವಳ ದನಿ ಮೆತ್ತಗಿತ್ತು, ಹೇಳಿಕೊಟ್ಟ ಹಾಗೆಯೇ. "ನಿಮಗೆ ಹೆದರಿಕೆ ಆಗಿತ್ತು ಅಂತ ಗೊತ್ತು. ಬೈತಾ ಇಲ್ಲ."

ಯಾರೂ ನಗಲಿಲ್ಲ. ಇನ್ನೊಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಮಗಳಿಗೆ ಗದರಿದ್ದರೂ ಆಗುತ್ತಿತ್ತು. ಮುಂದೆ ನಿಂತಿರುವ ಈ ಪುಟ್ಟ ಹುಡುಗಿಗೆ ಮೋಸ ಮಾಡುವುದು ಮಾತ್ರ ನಿಲ್ಮಿಣಿಯಿಂದಾಗಲಿಲ್ಲ. ಮಂಡಿಯೂರಿದಲ್ಲೇ ಕುರ್ಚಿಯ ಕಡೆ ತಿರುಗಿದಳು.

"ಹಾಮುದುರುವನೇ, ವೆಸಾಕ್ ದಿನ ಮೈಕಿನಲ್ಲಿ ನೀವು ಇಮಾಷಾನ ಆಡ್ಕೊಂಡ್ರಿ. ಊರೆಲ್ಲಾ ನಕ್ಕಿತು. ನಾನೂ ನಕ್ಕೆ. ಆ ಮಗು ಅವತ್ತಿನಿಂದ ಮಾತೇ ಆಡ್ತಿಲ್ಲ. ನೀವು ಒಂದ್ಸಲ ಅವರ ಮನೆಗೆ ಹೋಗಿ ಅವಳನ್ನ ಮಾತಾಡಿಸಿದ್ರೆ ಚೆನ್ನಾಗಿತ್ತು."

ಲೊಕು ಹಾಮುದುರಿಗೆ ಸಿಟ್ಟು ಬಂದಿದ್ದರೂ ಮುಖದಲ್ಲಿ ಕಾಣಲಿಲ್ಲ. ಅದೇ ನಿಲ್ಮಿಣಿಗೆ ಹೆಚ್ಚು ಭಯ ಹುಟ್ಟಿಸಿತು.

"ಮುಗೀತಾ?"

"ಮುಗೀತು ಹಾಮುದುರುವನೇ."

ಅವರು ಎದ್ದು ಹೊದ್ದ ಕಾವಿ ಚೀವರ ಸರಿಮಾಡಿಕೊಂಡರು. "ಸಂಜೆ ನಿಮ್ಮ ಯಜಮಾನರನ್ನ ಕಳ್ಸಿ. ಜಾಗದ ವಿಷಯ ಮಾತಾಡೋದಿದೆ." ಒಪ್ಪಿಗೆಯ ಮಾತಾಗಿ 'ಸಾಧು' ಎನ್ನದೆ, ಹಿಂದಿರುಗಿ ನೋಡದೆ ಹೋದರು.

ಸೆನುಲಿ ಹತ್ತಿರ ಬಂದಳು. ಧರ್ಮಶಾಲೆಯಲ್ಲಿ ಟೀಚರ್ ಎಂದೇ ಕರೆಯಬೇಕೆಂಬ ನಿಯಮ ಅವಳಿಗೆ ಮರೆತೇಹೋಗಿತ್ತು.

"ಅಮ್ಮಾ, ನಮ್ಮನ್ನೂ ಮನೆ ಬಿಡಿಸ್ತಾರಾ?"

ಇಲ್ಲ ಕಂದಾ, ಏನೂ ಆಗಲ್ಲ ಎಂಬ ಮಾತು ನಿಲ್ಮಿಣಿಯ ನಾಲಿಗೆಯ ತುದಿಯವರೆಗೆ ಬಂತು. ಯಾವ ತಾಯಿಯಾದರೂ ಅದನ್ನೇ ಹೇಳುತ್ತಿದ್ದಳು. ಅವಳು ಅದನ್ನು ನುಂಗಿಕೊಂಡಳು.

"ಗೊತ್ತಿಲ್ಲ ಮಗಳೇ. ಬಿಡಿಸ್ಬಹುದು. ನನಗೂ ಭಯ ಆಗ್ತಿದೆ."

ಸೆನುಲಿ ತಾಯಿಯ ಸೆರಗು ಹಿಡಿದುಕೊಂಡು ಅಳತೊಡಗಿದಳು. ನಿಲ್ಮಿಣಿ ಅವಳಿಗೆ ಸುಮ್ಮನಿರು ಎನ್ನಲಿಲ್ಲ.