ಡ್ರಿಪ್ಸ್ ಸೂಜಿಗೆ ಕಾಫಿ ಪುಡಿ

ಶಿರಂಗಾಲದ ಪುಟ್ಟರಾಜು ವಾಂತಿಭೇದಿಯಿಂದ ಸುಸ್ತಾಗಿ ಆಸ್ಪತ್ರೆ ಸೇರಿದ್ದರು. ಮೂರನೆಯ ದಿನಕ್ಕೆ ಚೇತರಿಸಿಕೊಂಡು, ಮುದ್ದೆ ಬೇಕೆಂದು ಗೊಣಗತೊಡಗಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ನಡುಕ ಹತ್ತಿ ಜ್ವರ ಏರಿತು. ವಾಸಿಯಾದ ಮೇಲೆ ಇದೆಲ್ಲಿಂದ ಬಂತು ಎಂದು ಹೆಂಡತಿ ರಂಗಮ್ಮ ಕಂಗಾಲಾದರು.

ನರ್ಸ್ ಅಶ್ವಿತಾ ಪುಟ್ಟರಾಜು ಅವರ ಕೈ ನೋಡಿದರು. ಡ್ರಿಪ್ಸ್ ಹಾಕಿದ್ದ ಸೂಜಿಯ ಸುತ್ತ ಕೆಂಪಗೆ ಊದಿತ್ತು. ಸಡಿಲವಾದ ಪ್ಲಾಸ್ಟರ್ ಅಡಿಯಲ್ಲಿ ಕಂದು ಪುಡಿ.

"ಇದೇನಮ್ಮ?"

"ಕಾಫಿ ಪುಡಿ ಕಣವ್ವ. ನೆನ್ನೆ ಮೊಕ ತೊಳೆಯೋವಾಗ ಪ್ಲಾಸ್ಟರ್ ನೆಂದು ಮೇಲೆದ್ದು, ರಕ್ತ ಜಿನುಗ್ತಿತ್ತು. ಕತ್ತಿ ತಾಗಿದ್ರೂ ನಾವು ಒತ್ತೋದು ಇದನ್ನೇ."

ಕ್ಯಾಂಟೀನಿನ ಕಾಫಿ ಗಂಟಲಲ್ಲಿ ಇಳಿಯದೆಂದು ಮನೆಯಿಂದ ತಂದಿದ್ದ ಪುಡಿ ಅದು. "ಒಳ್ಳೇ ಪುಡಿ ಸಿಸ್ಟರ್, ಚಿಕೋರಿ ಇಲ್ಲ," ಎಂದು ಪುಟ್ಟರಾಜು ನಡುಗುತ್ತಲೇ ಸೇರಿಸಿದರು.

ಅಶ್ವಿತಾ ವೈದ್ಯರನ್ನು ಕರೆದರು. ಸೂಜಿ ತೆಗೆದರು. ಎರಡು ಕಡೆಯಿಂದ ರಕ್ತ ಪಡೆದು ಪರೀಕ್ಷೆಗೆ ಕಳಿಸಿ, ಕೂಡಲೇ ಆ್ಯಂಟಿಬಯಾಟಿಕ್ ಶುರುಮಾಡಿದರು. ಎರಡು ಸಲ ಯಾಕೆ ಎಂದು ರಂಗಮ್ಮ ಕೇಳಿದರು. ಒಂದರಲ್ಲಿ ಮಾತ್ರ ರೋಗಾಣು ಸಿಕ್ಕರೆ ಅದು ಚರ್ಮದ ಮೇಲಿನದಿರಬಹುದು, ಎರಡರಲ್ಲೂ ಅದೇ ಸಿಕ್ಕರೆ ರಕ್ತದಲ್ಲೇ ಇದೆಯೆಂದು ಬಹುಮಟ್ಟಿಗೆ ನಂಬಬಹುದು ಎಂದು ಅಶ್ವಿತಾ ವಿವರಿಸಿದರು.

"ಕತ್ತಿ ಗಾಯಕ್ಕೆ ಆಗೋದು ಇದಕ್ಕೆ ಯಾಕಾಗಲ್ಲ?"

"ಗಾಯಕ್ಕೂ ಪುಡಿ ಹಾಕಬಾರದಮ್ಮ, ಶುದ್ಧ ಬಟ್ಟೆ ಒತ್ತಿಹಿಡಿದರೆ ಸಾಕು. ಈ ಸೂಜಿಯಂತೂ ನೇರ ರಕ್ತನಾಳದ ಒಳಗೇ ಇರೋದು. ಇಲ್ಲಿ ರೋಗಾಣು ಹೊಕ್ಕರೆ ಮೈಯೆಲ್ಲ ಹರಡಬಹುದು. ಜೀವಕ್ಕೇ ಅಪಾಯ."

ರಂಗಮ್ಮ ಪುಡಿಯ ಡಬ್ಬಿಯನ್ನು ಚೀಲಕ್ಕೆ ತುರುಕಿದರು. "ಹಂಗಾದ್ರೆ ನನ್ನಿಂದಲೇ ಆಯ್ತಾ?"

"ಪುಡಿಯಿಂದಲೇ ಅಂತ ಹೇಳೋಕಾಗಲ್ಲ. ನೆಂದ ಪ್ಲಾಸ್ಟರ್ ನಾವೂ ನೋಡಬೇಕಿತ್ತು. ಡ್ರಿಪ್ಸ್ ಮೊನ್ನೆಯೇ ನಿಲ್ಲಿಸಿದ್ವಿ. ಸೂಜಿ ಅವತ್ತೇ ತೆಗೀಬೇಕಿತ್ತು."

ಎರಡು ದಿನಕ್ಕೆ ವರದಿ ಬಂತು. ಎರಡೂ ಮಾದರಿಗಳಲ್ಲಿ ಒಂದೇ ರೋಗಾಣು. ಅದಕ್ಕೆ ತಕ್ಕ ಔಷಧಿ ಕೊಟ್ಟ ಮೇಲೆ ಜ್ವರ ಇಳಿಯಿತು. ಆದರೆ ಔಷಧಿಗಾಗಿ ಇನ್ನೊಂದು ಕೈಗೆ ಹೊಸ ಸೂಜಿ ಹಾಕಿದ್ದರು. ರಂಗಮ್ಮ ಅದನ್ನು ನೆನೆಯಲು ಬಿಡಲಿಲ್ಲ. ಮುಟ್ಟಲು ಬಂದವರಿಗೆಲ್ಲ ಕೈ ತೊಳೆದಿರಾ ಎಂದು ಕೇಳಿದರು. "ನನ್ನನ್ನೂ ಬಿಡಲ್ಲ ಇವಳು," ಎಂದರು ಪುಟ್ಟರಾಜು.

ದಿನಾ ಬೆಳಿಗ್ಗೆ ವೈದ್ಯರಿಗೆ ರಂಗಮ್ಮನವರದು ಒಂದೇ ಪ್ರಶ್ನೆ: "ಈ ಸೂಜಿ ಇವತ್ತೂ ಬೇಕಾ?"

ಹಲವು ದಿನ ಬೇಕು ಎಂದ ವೈದ್ಯರು ಒಂದು ಬೆಳಿಗ್ಗೆ ಬೇಡ ಎಂದರು. ಸೂಜಿ ಅವತ್ತೇ ಹೊರಬಂತು.

ನಿಮ್ಮವರು ಆಸ್ಪತ್ರೆಯಲ್ಲಿದ್ದರೆ ನೀವೂ ಹಾಗೆಯೇ ಕೇಳಿ, ಕೇಳಲು ಸಂಕೋಚ ಬೇಡ. ಸೂಜಿಯ ಜಾಗ ನೆನೆದರೆ, ಕೆಂಪಾದರೆ, ನೋವಾದರೆ, ಚಳಿಜ್ವರ ಬಂದರೆ ತಕ್ಷಣ ನರ್ಸ್‌ಗೆ ತಿಳಿಸಿ. ನೀವಾಗಿಯೇ ಏನನ್ನೂ ಹಚ್ಚಬೇಡಿ. ಕಾಫಿ ಪುಡಿ ಫಿಲ್ಟರಿನಲ್ಲಿರಲಿ.