ಬಸಮ್ಮನ ತಾಳ

ತೊಂಬತ್ತೇಳನೇ ಇಸವಿಯಲ್ಲಿ ಬಸಮ್ಮ ತೀರಿಕೊಂಡಾಗ ಮಗಳು ಸುಷ್ಮಾ ದಿನ ತುಂಬಿದ ಬಸುರಿ. ಹೆರಿಗೆಗೆಂದು ಯಾದವಗಿರಿಯ ತವರಿಗೆ ಬಂದಿದ್ದಳು. ಬಸುರಿ ಹೆಂಗಸು ಮಣ್ಣಿಗೆ ಬರಬಾರದೆಂದು ಹಿರಿಯರು ಅವಳನ್ನು ಮನೆಯಲ್ಲೇ ಬಿಟ್ಟುಹೋದರು. ಅಪ್ಪ ವೃಷಭೇಂದ್ರಪ್ಪ ಹೆಂಡತಿಯ ಕಂಚಿನ ತಾಳಗಳೆರಡನ್ನೂ ಅವಳ ಮಡಿಲಲ್ಲಿಟ್ಟು ಸಮಾಧಿ ಮುಚ್ಚಿಸಿದರು. ಸುಷ್ಮಾಳಿಗೆ ಅದು ತಿಳಿದದ್ದು ಎಲ್ಲ ಮುಗಿದ ಮೇಲೆ.

"ನನ್ನನ್ನೊಂದು ಮಾತು ಕೇಳಬಾರದಿತ್ತಾ ಅಪ್ಪ?"

"ಅವಳದು ಅವಳ ಜೊತೇಲೇ ಇರ್ಲಿ ಅನ್ನಿಸ್ತು ಕಣವ್ವ."

ಪ್ರತಿ ಸೋಮವಾರ ಸಂಜೆ ಅಪ್ಪ ವಚನ ಹಾಡುವುದು, ಅವ್ವ ಪಕ್ಕದಲ್ಲಿ ಕೂತು ತಾಳ ಹಾಕುವುದು ಸುಷ್ಮಾ ಬುದ್ಧಿ ತಿಳಿದಾಗಿನಿಂದ ಕಂಡದ್ದು. ಈಗ ಅಪ್ಪ ವಿಭೂತಿ ಧರಿಸಿ ಕೂರುತ್ತಿದ್ದರು, ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಒಂದು ಸಾಲು ಹಾಡಿ ಸುಮ್ಮನಾಗುತ್ತಿದ್ದರು. ತಾಳ ಬೀಳಬೇಕಾದ ಆ ಜಾಗದಲ್ಲಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಸುಷ್ಮಾಳ ಕೈಯೂ ನಿಂತುಬಿಡುತ್ತಿತ್ತು. ಅವ್ವ ತಾಳವನ್ನು ಮಡಿಲಲ್ಲಿ, ಸೆರಗಿನ ಮರೆಯಲ್ಲಿ ಹಿಡಿಯುತ್ತಿದ್ದಳು. 'ಕಿಣ್' ಎಂದು ಹುಟ್ಟಿದ ದನಿ ಬೆಳೆಯುವ ಮೊದಲೇ ಎಲ್ಲೋ ಅವಿತುಕೊಳ್ಳುತ್ತಿತ್ತು. ಅದನ್ನು ಇನ್ನೊಮ್ಮೆ ಕೇಳಬೇಕು. ಸುಷ್ಮಾಳಿಗೆ ಬೇರೇನೂ ಬೇಡವಾಗಿತ್ತು.

ಮಗು ಶಿವಕಿರಣನ ಕತ್ತು ನಿಂತ ಮೇಲೆ ಒಂದು ಬೆಳಿಗ್ಗೆ ಅವನಿಗೆ ಹಾಲು ಕುಡಿಸಿ, ಅಪ್ಪನ ತೊಡೆಯ ಮೇಲೆ ಮಲಗಿಸಿ, ದೇವರಾಜ ಮಾರುಕಟ್ಟೆಯ ಹಿಂದಿದ್ದ ಅನಂತಪದ್ಮನಾಭನ ವಾದ್ಯದ ಅಂಗಡಿಗೆ ಹೋದಳು.

ಅವನು ಮೂರು ಜೊತೆ ತಾಳಗಳನ್ನು ಬಟ್ಟೆಯ ಮೇಲಿಟ್ಟ. ಒಂದು ಬಾಂಬೆ ಕಾರ್ಖಾನೆಯ ಹಿತ್ತಾಳೆ. ಯಂತ್ರದಲ್ಲಿ ಒತ್ತಿದ್ದು, ಬೆನ್ನ ಮೇಲೆ ನಕ್ಷತ್ರದ ಮುದ್ರೆ, ಎಲ್ಲಕ್ಕಿಂತ ಅಗ್ಗ. ಇನ್ನೊಂದು ನಾಗಮಂಗಲದ ಕಂಚು. ಎರಕ ಹೊಯ್ದು ಕೈಯಿಂದ ಉಜ್ಜಿದ್ದು, ಅಂಚಿನಲ್ಲಿ ಅರದ ಗೀರುಗಳು ಇನ್ನೂ ಕಾಣುತ್ತಿದ್ದವು. ಮೂರನೆಯದು ಕುಂಭಕೋಣದ್ದು, ಮುಖ ನೋಡಿಕೊಳ್ಳುವಷ್ಟು ಹೊಳಪು, ಬೆಲೆ ಮುನ್ನೂರು.

ಕುಂಭಕೋಣದ್ದನ್ನೇ ಮೊದಲು ಬಾರಿಸಿದ. "ಕೇಳಿ ಅಮ್ಮ. ಮಾರ್ಕೆಟ್ಟು ಒಂದು ಸುತ್ತು ಹಾಕ್ಕೊಂಡು ಬನ್ನಿ, ಇನ್ನೂ ಮೊಳಗ್ತಾನೇ ಇರತ್ತೆ."

"ಇಷ್ಟುದ್ದ ಬೇಡ. ಬೇಗ ನಿಲ್ಲಬೇಕು."

"ನಿಲ್ಲಬೇಕಾ! ಜನ ಕಾಸು ಕೊಡೋದೇ ಈ ಮೊಳಗಿಗೆ ಕಣ್ರೀ. ಬೇಡ ಅಂದ್ರೆ ಮನೇಲಿ ತಪ್ಪಲೆ ಮುಚ್ಚಳ ಇದೆಯಲ್ಲ."

ಸುಷ್ಮಾ ನಕ್ಕಳು. ನಾಗಮಂಗಲದ ದನಿ ಮೆತ್ತಗಿತ್ತು, ಒಳಗೊಂದು ಸಣ್ಣ ನಡುಕವಿತ್ತು; ಆದರೆ ಅದೂ ಉದ್ದ. ಹಿತ್ತಾಳೆಯದು ಮಾತ್ರ ಟಕ್ಕನೆ ನಿಂತಿತು. ಇದೇ ಇರಬೇಕೆಂದು ಅದನ್ನೇ ಕೊಂಡಳು.

ಮನೆಯಲ್ಲಿ ಅಪ್ಪ ಒಂದು ಸಲ ಬಾರಿಸಿ ನೋಡಿದರು. "ಚೆನ್ನಾಗಿದೆ" ಎಂದು, ಪಕ್ಕದ ಮನೆಯ ಮಗುವನ್ನು ಹಿಂದಿರುಗಿಸುವ ಹಾಗೆ ಅವಳ ಕೈಗೇ ಕೊಟ್ಟರು. ಅವಳಿಗೂ ಗೊತ್ತಾಯಿತು. ಅವ್ವನ ದನಿ ಅವಿತುಕೊಳ್ಳುತ್ತಿತ್ತು. ಇದರ ದನಿ ಸತ್ತೇ ಹೋಗುತ್ತಿತ್ತು.

ಮರುದಿನವೇ ಬದಲಾಯಿಸಲು ಹೋದಳು.

"ಹೇಗಿತ್ತಮ್ಮ ತಪ್ಪಲೆ ಮುಚ್ಚಳ?" ಎಂದ ಅನಂತಪದ್ಮನಾಭ.

"ಮುಚ್ಚಳವೇ ವಾಸಿ ಕಣ್ರೀ" ಎಂದು ಇವಳೂ ಬಿಡದೆ ಹೇಳಿ, ಅರ್ಧ ಮನಸ್ಸಿನಿಂದಲೇ ನಾಗಮಂಗಲದ್ದನ್ನು ತಂದಳು.

ಸೋಮವಾರ ಸಂಜೆ ನಡುಮನೆಯ ತೊಟ್ಟಿಲಲ್ಲಿ ಮಗು ಆಗತಾನೇ ಕಣ್ಣು ಮುಚ್ಚಿತ್ತು. ಅಪ್ಪ ಮೆಲ್ಲಗೆ ಮೊದಲ ಸಾಲು ಹಾಡಿದರು. ಸುಷ್ಮಾ ತಾಳ ಹಾಕಿದಳು. ಕಂಚು ಮನೆ ತುಂಬ ಮೊಳಗಿತು. ಮಗು ಬೆಚ್ಚಿ ಎರಡೂ ಕೈ ಮೇಲೆತ್ತಿತು, ಕೆಳತುಟಿ ಮುದುಡಿತು. ಸುಷ್ಮಾ ಗಾಬರಿಯಿಂದ ತೋರುಬೆರಳನ್ನು ತಾಳದ ಅಂಚಿಗೆ ಒತ್ತಿದಳು. ದನಿ ಬೆರಳಡಿಯಲ್ಲಿ ಅವಿತುಕೊಂಡಿತು.

ಅಪ್ಪ ಹಾಡು ನಿಲ್ಲಿಸಿ ಅವಳ ಕಡೆ ತಿರುಗಿದರು. "ಇನ್ನೊಂದ್ಸಲ ಹಾಕವ್ವ."

ಬೆರಳು ಒತ್ತಿಯೇ ಹಾಕಿದಳು. ಕಿಣ್.

"ಯಾರು ಹೇಳಿಕೊಟ್ರು ಇದನ್ನ?"

"ಯಾರೂ ಇಲ್ಲಪ್ಪ. ಮಗು ಎದ್ಬುಡತ್ತೆ ಅಂತ..."

ಅಪ್ಪ ತೊಟ್ಟಿಲನ್ನು ನೋಡಿದರು. "ಅವಳೂ ಆಗ ಹಂಗೇ ಅಂತಿದ್ಲು. ಇದೇ ತೊಟ್ಟಿಲಲ್ಲಿ ನೀನು ಮಲಗಿದ್ದೆ. ನಂಗೆ ಮರ್ತೇ ಹೋಗಿತ್ತು ನೋಡು."

ಆಮೇಲೆ ಅವರು ಎರಡನೆಯ ಸಾಲು ಎತ್ತಿಕೊಂಡರು, ಮೂರನೆಯದನ್ನೂ ಹಾಡಿದರು. ಸುಷ್ಮಾಳ ಕಣ್ಣು ಮಂಜಾಯಿತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ತಾಳವಿತ್ತು.

ನಡುವೆ ಮಗು ತಾನಾಗಿಯೇ ಎದ್ದು, ಅಳದೆ, ದೀಪ ನೋಡುತ್ತಾ ಕಾಲಾಡಿಸತೊಡಗಿತು. ಇನ್ನು ಯಾರ ನಿದ್ದೆಯೂ ಕೆಡುವಂತಿರಲಿಲ್ಲ. ಕಂಚನ್ನು ಅದರ ಪಾಡಿಗೆ ಮೊಳಗಲು ಬಿಡಬಹುದಿತ್ತು. ಸುಷ್ಮಾ ಬೆರಳು ತೆಗೆಯಲಿಲ್ಲ.